ರೇಂಜ್ ಪಾದೆಯ ಪಿನ್

ಫೋನ್ ಎತ್ತಿದ ಕೂಡಲೇ ಕೇಳುತ್ತಿದ್ದದ್ದು ಗಾಳಿ. ರಬ್ಬರ್ ಮರಗಳ ಎಲೆ ಉಜ್ಜುವ ಸದ್ದು, ದೂರದಲ್ಲಿ ಚಾರ್ಮಾಡಿಯ ಕಡೆಗೆ ಗೇರ್ ಬದಲಿಸುತ್ತ ಹೋಗುವ ಲಾರಿ, ಅವೆರಡರ ನಡುವೆ ಒಬ್ಬ ಹೆಂಗಸಿನ ಏದುಸಿರು. ಆಮೇಲೆ ಕೊಡೆಯ ತುದಿ ಕಲ್ಲಿಗೆ ತಾಗಿ ಟಕ್ ಎನ್ನುತ್ತಿತ್ತು. ಆ ಟಕ್ ಕೇಳಿದ ಮೇಲೆಯೇ ಮಾತು.

"ಹೂಂ, ಹತ್ತಿದೆ. ಇನ್ನು ಹೇಳು."

ಅವಳು ಇದ್ದದ್ದು ಕಕ್ಕಿಂಜೆಯಲ್ಲಿ. ನಾನು ಇರುವುದು ಮೂಡುಬಿದಿರೆಗೆ ಹತ್ತಿರದ ತೋಡಾರಿನಲ್ಲಿ, ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಅವಳ ಮನೆ ಮತ್ತು ಅಂಗಡಿ ಎರಡೂ ತಗ್ಗಿನಲ್ಲಿದ್ದವು. ಅಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ರಬ್ಬರ್ ತೋಟದ ಹಿಂದೆ ಒಂದು ಕರಿಯ ಪಾದೆ ಉಂಟು, ಬೋಳು ಬಂಡೆಯ ದಿಣ್ಣೆ. ಅದರ ನೆತ್ತಿಯಲ್ಲಿ ನಿಂತರೆ ಮಾತ್ರ ಸಿಗ್ನಲ್. ಊರವರು ಅದನ್ನು ರೇಂಜ್ ಪಾದೆ ಎಂದೇ ಕರೆಯುತ್ತಾರೆ. ಗಂಡಂದಿರು ಗಲ್ಫಿನಲ್ಲಿರುವ ಹೆಂಗಸರು, ರಿಸಲ್ಟ್ ನೋಡುವ ಮಕ್ಕಳು, ಆಸ್ಪತ್ರೆಯಲ್ಲಿರುವವರ ಸುದ್ದಿ ಕೇಳುವವರು, ಎಲ್ಲರೂ ಅಲ್ಲಿ ಹತ್ತಿ ನಿಂತು ಮಾತಾಡಿ ಇಳಿದುಬರುತ್ತಾರೆ. ಸಂಜೆ ಅಸರ್ ನಮಾಜು ಮುಗಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳು ಹತ್ತುತ್ತಿದ್ದದ್ದು ನನಗೋಸ್ಕರ. ನಾನು ಇಲ್ಲಿ ಚಹಾ ಸೋಸಿ, ಫೋನನ್ನು ಸಾಸರಿನ ಪಕ್ಕದಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದೆ. ದಿನದಲ್ಲಿ ನನ್ನ ಗಂಟಲಿನಿಂದ ಹೊರಡುತ್ತಿದ್ದ ಮೊದಲ ಮಾತು ಎಷ್ಟೋ ಸಲ ಆ ಸಂಜೆಯದ್ದೇ.

ನಾವಿಬ್ಬರೂ ಕಾನ್ವೆಂಟ್ ಹಾಸ್ಟೆಲಿನವರು. ಅವಳು ಬ್ಯಾರಿ ವ್ಯಾಪಾರಸ್ಥರ ಮನೆಯ ಹುಡುಗಿ, ನಾನು ಬಂಟರ ಹುಡುಗಿ. ನಮ್ಮನ್ನು ಗೆಳತಿಯರಾಗಿ ಮಾಡಿದ್ದು ನಮ್ಮ ಎತ್ತರ. ಭಾನುವಾರ ವಾಕ್ ಹೋಗುವಾಗ ಸಿಸ್ಟರ್ ಎತ್ತರ ನೋಡಿ ಇಬ್ಬಿಬ್ಬರನ್ನು ಜೋಡಿಸುತ್ತಿದ್ದರು. ಯುವರ್ ಪಾರ್ಟ್ನರ್ ಎಂದು ಒಮ್ಮೆ ತೋರಿಸಿದರೆ ವರ್ಷಪೂರ್ತಿ ಅದೇ ಪಾರ್ಟ್ನರ್. ಹಾಸ್ಟೆಲಿನ ಗೇಟು ಮರಳಿ ಬರುವವರೆಗೆ ಕೈ ಬಿಡುವ ಹಾಗಿಲ್ಲ. ಆಮೇಲೆ ಅವಳಿಗೆ ಮದುವೆಯಾಯಿತು, ಒಬ್ಬಳು ಮಗಳಾದಳು, ಗಂಡ ತೀರಿಹೋದರು. ನಾನು ಹೈಸ್ಕೂಲಿನಲ್ಲಿ ಜಾಗ್ರಫಿ ಕಲಿಸಿ ರಿಟೈರ್ ಆದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೆಲ್ಲ ಈಗ ಇಲ್ಲ. ಪ್ರಶ್ನೆಯೂ ಅವರ ಜೊತೆಗೇ ಹೋಯಿತು. ಉಳಿದದ್ದು ಪಾರ್ಟ್ನರ್ ಒಬ್ಬಳು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಜಗಳವಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಅವಳ ಅಂಗಡಿ ದೊಡ್ಡದೇನಲ್ಲ. ಶೀಟು ಹಾಕಿದ ಒಂದು ಕೋಣೆ, ಎರಡು ಬೆಂಚು. ಚಹಾ, ಗೋಳಿಬಜೆ, ಮತ್ತೆ ಕಲ್ತಪ್ಪ. ಅಕ್ಕಿ ಮತ್ತು ಬೆಲ್ಲದ ಹಿಟ್ಟನ್ನು ದಪ್ಪ ಬಾಣಲೆಗೆ ಹೊಯ್ದು, ಹುರಿದ ಈರುಳ್ಳಿ, ತೆಂಗಿನ ಚೂರು ಉದುರಿಸಿ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವ ತಿಂಡಿ. ಘಾಟಿ ಹತ್ತುವವರು, ಇಳಿಯುವವರು ಅದರ ವಾಸನೆಗೆ ಗಾಡಿ ನಿಲ್ಲಿಸುತ್ತಿದ್ದರು. ರಸ್ತೆ ಅಗಲ ಮಾಡುವಾಗ ಅಲ್ಲಿಯ ಒಂದು ತಿರುವನ್ನು ನೇರ ಮಾಡಿದರು. ಅಂಗಡಿ ಹಳೆಯ ತಿರುವಿನ ಒಳಗೆ ಉಳಿಯಿತು, ವಾಹನಗಳು ಹೊಸ ರಸ್ತೆಯಲ್ಲಿ ಸುಯ್ಯೆಂದು ಹೋಗತೊಡಗಿದವು. ವಾಸನೆ ಅಷ್ಟು ದೂರ ಹೋಗುವುದಿಲ್ಲ.

ಶಾರ್ಜಾದಲ್ಲಿರುವ ಮಗಳು, ಅಂಗಡಿ ಮುಚ್ಚಿ ಇಲ್ಲಿಗೆ ಬಂದುಬಿಡು ಎಂದು ವರ್ಷಗಳಿಂದ ಕರೆಯುತ್ತಿದ್ದಳು. ಅಂಗಡಿ ನಡೆಯುವಾಗ ಅದಕ್ಕೊಂದು ಉತ್ತರ ಇತ್ತು. ಒಂದು ಸಂಜೆ ಪಾದೆಯ ಮೇಲಿನಿಂದ ಅವಳು ಹೇಳಿದಳು, ಈ ಮಳೆಗಾಲ ಕಳೆದ ಮೇಲೂ ಹೀಗೇ ಆದರೆ ಹೊರಡುವುದೇ ಎಂದು. ನನ್ನ ಚಹಾ ತಣ್ಣಗಾಯಿತು. ನಿನಗೆ ಹೋಗಲು ಮನಸ್ಸುಂಟಾ ಎಂದು ಕೇಳಿದೆ. ಕೊಡೆಯಿಂದ ಕಲ್ಲನ್ನು ಕುಟ್ಟುವ ಸದ್ದು ಕೇಳಿತು. ಆಮೇಲೆ ಇಂಗ್ಲಿಷಿನಲ್ಲಿ, "ಐ ಆಮ್ ನಾಟ್ ಎ ಪಾರ್ಸೆಲ್."

ಮೂರು ತಾಲೂಕಿನ ಹೆಂಗಸರದ್ದೊಂದು ಸಂಘ ಉಂಟು. ಮನೆಯಲ್ಲೇ ಏನಾದರೂ ಮಾಡಿ ಮಾರುವವರದ್ದು. ಬಂಟ್ವಾಳದ ಹಪ್ಪಳದವರು, ಮೂಡುಬಿದಿರೆಯ ಟೈಲರುಗಳು, ಬೆಳ್ತಂಗಡಿ ಕಡೆಯ ಜೇನು, ಉಪ್ಪಿನಕಾಯಿಯವರು. ಅವರಿಗೊಂದು ವೆಬ್‌ಸೈಟ್ ಆಗಬೇಕು, ಅದರಲ್ಲಿ ಎಲ್ಲರ ಅಂಗಡಿ ಎಲ್ಲಿ ಎಂದು ಮ್ಯಾಪ್ ಬೇಕು ಎಂದು ತೀರ್ಮಾನವಾಯಿತು. ಅವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದವಳು ನಾನು. ಮ್ಯಾಪ್ ಎಂದ ಕೂಡಲೇ ಎಲ್ಲರೂ ನನ್ನ ಮುಖ ನೋಡಿದರು, ಜಾಗ್ರಫಿ ಟೀಚರ್ ಅಲ್ಲವೇ ಎಂದು. ನಾನು ಒಪ್ಪಿಕೊಂಡದ್ದು ಸಂಘಕ್ಕಾಗಿ ಎಂದು ಹೇಳಿದರೆ ಅದು ಪೂರ್ತಿ ಸರಿಯಲ್ಲ. ನನಗೆ ಬೇಕಾಗಿದ್ದದ್ದು ಹಳೆಯ ತಿರುವಿನೊಳಗಿನ ಒಂದು ಅಂಗಡಿಗೆ ಜನ ಬರಬೇಕು ಎಂಬುದಷ್ಟೆ.

ಗೆಳತಿಗೆ ಈ ಸುದ್ದಿ ಹೇಳಿದಾಗ ಅವಳಿಗೆ ನಗು. "ಮ್ಯಾಪ್ ಎಂತಕ್ಕೆ ಮಾರಾಯ್ತಿ, ಬರುವವರಿದ್ರೆ ನಾನು ರಸ್ತೆಗೆ ಬಂದು ನಿಲ್ತೇನೆ."

ಅದು ಸುಳ್ಳಲ್ಲ. ನಮ್ಮ ಕಡೆ ವಿಳಾಸ ಎಂದರೆ ಮನೆಯ ಹೆಸರು, ಆಮೇಲೆ ಗ್ರಾಮ ಮತ್ತು ಅಂಚೆ. ಅದನ್ನು ಹಿಡಿದು ಪೋಸ್ಟ್‌ಮ್ಯಾನ್ ಬಿಟ್ಟರೆ ಬೇರೆ ಯಾರೂ ಮನೆ ಮುಟ್ಟಲಾರರು. ನೆಂಟರು ಬರುವ ದಿನ ಮನೆಯವರಲ್ಲಿ ಒಬ್ಬರು ರಸ್ತೆಗೆ ಹೋಗಿ ಬಸ್‌ಸ್ಟಾಪಿನಲ್ಲಿ ನಿಲ್ಲಬೇಕು. ನಿಂತವರನ್ನು ಕಂಡರೆ ಊರು ಸಿಕ್ಕಿತು ಎಂದು ಲೆಕ್ಕ. ನಾನು ಕಕ್ಕಿಂಜೆಗೆ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಮೊದಲು ಕಾಣುತ್ತಿದ್ದದ್ದು ಅವಳ ಕಪ್ಪು ಕೊಡೆ.

ವೆಬ್‌ಸೈಟ್ ಮಾಡುತ್ತಿದ್ದವರು ಬೆಳ್ತಂಗಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಒಬ್ಬರು, ಐವತ್ತು ದಾಟಿದವರು. ಮದುವೆ ಕಾಗದ, ನಾಟಕದ ಫ್ಲೆಕ್ಸ್, ಈಗ ಇದೂ ಒಂದು. ವೇಣೂರಿನ ದಾರಿಯಾಗಿ ಬಸ್ಸಿನಲ್ಲಿ ಹೋಗಿ, ಅವರ ಅಂಗಡಿಯ ಮೆಟ್ಟಿಲು ಹತ್ತಿ, ಫ್ಲೆಕ್ಸಿನ ಶಾಯಿಯ ವಾಸನೆಯಲ್ಲಿ ನಾನು ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಯೇ ಅವರು ಮಾತಾಡುವುದು. ನೋಡಬೇಕಾದಾಗ ಮಾತ್ರ ಇಳಿಸುತ್ತಾರೆ.

ಸಂಘದವರು ಮೊದಲು ಕೇಳಿದ್ದು ಮದುವೆ ಕಾಗದದ ಹಿಂದೆ ಇರುತ್ತದಲ್ಲ, ಹಾಗೆ ಒಂದು ರೂಟ್ ಮ್ಯಾಪ್. ಅದನ್ನು ಚಿತ್ರವಾಗಿ ಹಾಕಿದರೆ ಸಾಕು ಎಂದು. ಚಿತ್ರ ಚಂದ ಕಾಣುತ್ತದೆ, ಆದರೆ ಹಿಗ್ಗಿಸಿದರೆ ಮಸುಕು, ಒಬ್ಬರ ಅಂಗಡಿ ಬದಲಾದರೆ ಪುನಃ ಮೊದಲಿನಿಂದ ಬಿಡಿಸಬೇಕು, ಬೆರಳಿಟ್ಟರೆ ದಾರಿ ತೋರಿಸುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಎರಡನೆಯದು ಎಕ್ಸೆಲ್ ಶೀಟಿನ ಹಾಗಿನದ್ದು, ಸಿಎಸ್‌ವಿ: ಹೆಸರು, ಅಕ್ಷಾಂಶ, ರೇಖಾಂಶ. ಹಗುರ, ಆದರೆ ಒಂದು ಸಾಲಿನಲ್ಲಿ ಹಳೆಯ ರಸ್ತೆಯ ತಿರುವನ್ನು ಎಳೆದು ತೋರಿಸುವುದು ಹೇಗೆ? ಮೂರನೆಯದು ಜಿಯೋಜೇಸನ್ ಎಂಬ ಫೈಲ್, ಜಾಗಗಳ ನಂಬರನ್ನು ಬ್ರಾಕೆಟ್ಟಿನೊಳಗೆ ಟೈಪ್ ಮಾಡಿ ಇಡುವಂಥದ್ದು. ಅವರ ಪ್ರೀತಿಯದ್ದು ಅದೇ. ವೆಬ್ ಪುಟದಲ್ಲಿ ಬೇಗ ತೆರೆಯುತ್ತದೆ, ಪಾಯಿಂಟೂ ಆಗುತ್ತದೆ, ಗೆರೆಯೂ ಆಗುತ್ತದೆ. ನಾಲ್ಕನೆಯದು ಕೆಎಂಎಲ್, ಅದೂ ಮ್ಯಾಪಿನದ್ದೇ ಇನ್ನೊಂದು ಬಗೆಯ ಫೈಲ್.

ಅವರ ಮಾತಿನಂತೆ ನಾನು ಜಿಯೋಜೇಸನ್ನಿನಲ್ಲೇ ಶುರು ಮಾಡಿದೆ. ಒಂದು ಮಾದರಿ ಕೊಟ್ಟು, ಹೀಗೇ ಟೈಪ್ ಮಾಡಿ ತನ್ನಿ ಟೀಚರೇ ಎಂದಿದ್ದರು. ಹೆಂಗಸರು ವಾಟ್ಸ್‌ಆಪಿನಲ್ಲಿ ಕಳಿಸಿದ ಲೊಕೇಶನ್‌ಗಳನ್ನು ನೋಡಿ, ಬ್ರಾಕೆಟ್, ಕಾಮಾ ಎಲ್ಲ ಜಾಗ್ರತೆಯಲ್ಲಿ ಇಟ್ಟು, ಒಂದು ವಾರ ಕೂತು ಮಾಡಿದೆ. ಲ್ಯಾಟಿಟ್ಯೂಡ್ ಫಸ್ಟ್, ಗರ್ಲ್ಸ್, ಎಂದು ನಮ್ಮ ಸಿಸ್ಟರ್ ಕಲಿಸಿದ್ದು. ನಾನೂ ಮೂವತ್ತು ವರ್ಷ ಹಾಗೇ ಕಲಿಸಿದ್ದು. ಬೆಳ್ತಂಗಡಿಗೆ ಪೆನ್‌ಡ್ರೈವ್ ಒಯ್ದು ಕೊಟ್ಟೆ. ಅವರು ಕನ್ನಡಕ ಇಳಿಸಿ ನೋಡಿದರು, ಮ್ಯಾಪನ್ನು ಮೇಲೆ ಮೇಲೆ ಎಳೆದರು, ಆಮೇಲೆ ಕನ್ನಡಕ ಹಣೆಗೆ ಹೋಯಿತು.

"ಟೀಚರೇ, ಬಂಟ್ವಾಳದ ಹಪ್ಪಳ ಎಲ್ಲ ಐಸಿನ ಸಮುದ್ರದಲ್ಲಿ ತೇಲ್ತಾ ಉಂಟಲ್ಲ."

ಆ ಫೈಲಿಗೆ ರೇಖಾಂಶ ಮೊದಲು ಬರಬೇಕು, ಅಕ್ಷಾಂಶ ಆಮೇಲೆ. ನನ್ನದು ತಿರುಗುಮುರುಗು ಆಗಿ ಮೂರು ತಾಲೂಕೂ ಉತ್ತರ ಧ್ರುವದ ದಾರಿ ಹಿಡಿದಿದ್ದವು. ಅವರು ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಮರಳುವಾಗ ಆ ಬಿಳಿಯ ಸಮುದ್ರ ಕಣ್ಣಮುಂದಿನಿಂದ ಹೋಗಲಿಲ್ಲ. ನಮ್ಮವರೆಲ್ಲ ಅಲ್ಲಿ ಒಬ್ಬರಿಗೊಬ್ಬರು ಹತ್ತಿರವೇ ಇದ್ದರು, ಸುತ್ತ ಮಾತ್ರ ಏನೂ ಇರಲಿಲ್ಲ.

ಆಮೇಲೆ ನಾನು ಕೆಎಂಎಲ್‌ಗೆ ಹಠ ಹಿಡಿದೆ. ಅದನ್ನು ಮಾಡಲು ಏನೂ ಟೈಪ್ ಮಾಡಬೇಕಿಲ್ಲ. ಹೆಂಗಸರು ಕಳಿಸಿದ್ದ ಲೊಕೇಶನ್ ನೋಡಿ ಕಂಪ್ಯೂಟರಿನ ನಕ್ಷೆಯ ಮೇಲೆ ನಾನೇ ಪಿನ್ ಚುಚ್ಚಿ, ಗೆರೆ ಎಳೆದು, ಅದರ ಪೆಟ್ಟಿಗೆಯಲ್ಲಿ ನಾಲ್ಕು ವಾಕ್ಯ ಬರೆದರೆ ಫೈಲ್ ತಾನಾಗಿ ಆಗುತ್ತದೆ. ನನಗೆ ಬೇಕಾದದ್ದು ಆ ವಾಕ್ಯಗಳು. ಬಂಟ್ವಾಳದ ಹೊಳೆಬದಿಯ ಹಪ್ಪಳದವರಿಗೆ ನಾನು ಬರೆದಿದ್ದೆ: ನೀರು ಏರಿದ ದಿನ ಅಂಗಡಿ ಮೇಲಿನ ಮನೆಯಲ್ಲಿರುತ್ತದೆ, ಕೆಳಗೆ ನಿಂತು ಕರೆಯಿರಿ. ಮೂಡುಬಿದಿರೆಯ ಟೈಲರಿಗೆ: ಹಿತ್ತಲ ಬಾಗಿಲಿನಿಂದ ಬನ್ನಿ, ನಾಯಿ ಬೊಗಳುವುದು ಮಾತ್ರ. ಗೆಳತಿಯ ಪಿನ್ನಿಗೆ ಬರೆದದ್ದು: ಹೊಸ ರಸ್ತೆಯಲ್ಲಿ ಓಡಿಸಿಕೊಂಡು ಹೋಗಬೇಡಿ, ದೊಡ್ಡ ಹಲಸಿನ ಮರ ಕಂಡ ಕೂಡಲೇ ಎಡಕ್ಕೆ ಹಳೆಯ ರಸ್ತೆಗೆ ಇಳಿಯಿರಿ. ಆ ಹಳೆಯ ರಸ್ತೆಯನ್ನು ಕೆಂಪು ಗೆರೆಯಾಗಿ ಎಳೆದೂ ಇಟ್ಟೆ.

ಡಿಟಿಪಿಯವರು ಸುಲಭಕ್ಕೆ ಒಪ್ಪಲಿಲ್ಲ. ವಾಕ್ಯಗಳನ್ನು ಜಿಯೋಜೇಸನ್ನಿನಲ್ಲೂ ಹಾಕಬಹುದು, ಆದರೆ ಅದು ಹೇಗೆ ಕಾಣಬೇಕು ಎಂಬುದನ್ನು ತಾನು ಕೂತು ಬರೆಯಬೇಕು. ಅದಕ್ಕೆ ಪುರುಸೊತ್ತಿಲ್ಲ, ಮದುವೆ ಸೀಸನ್. ಕೆಎಂಎಲ್ ಪುಟದಲ್ಲಿ ತೆರೆಯುವುದು ನಿಧಾನ. ನಾನು ಕೇಳಿದೆ, ಘಾಟಿಯ ಬುಡದಲ್ಲಿ ರೇಂಜೇ ಇಲ್ಲದವರಿಗೆ ನಿಮ್ಮ ಪುಟ ಬೇಗ ತೆರೆಯುವುದು ಹೇಗೆ ಎಂದು. ಅವರು ಕನ್ನಡಕ ಇಳಿಸಿ ನನ್ನ ಕೆಂಪು ಗೆರೆಯನ್ನು ನೋಡಿದರು. ಆಮೇಲೆ ಹೇಳಿದರು, ಹಾಗಾದರೆ ಕೆಎಂಝಡ್ ಮಾಡುವ. ಕೆಎಂಎಲ್ ಫೈಲಿನ ಒಳಗೆ ಫೋಟೋ ಇರುವುದಿಲ್ಲ, ಅದು ಇಂಟರ್ನೆಟ್ಟಿನಲ್ಲಿ ಎಲ್ಲಿದೆ ಎಂಬುದು ಮಾತ್ರ ಇರುತ್ತದೆ. ಅದನ್ನೂ ಫೋಟೋಗಳನ್ನೂ ಒಟ್ಟಿಗೆ ಸೇರಿಸಿ ಗಂಟು ಕಟ್ಟಿದರೆ ಕೆಎಂಝಡ್. ಮದುವೆಗೆ ಬಾರದವರಿಗೆ ಊಟ ಕಟ್ಟಿ ಕಳಿಸುತ್ತಾರಲ್ಲ, ಹಾಗೆ. ಉಜಿರೆಯಲ್ಲಿ ರೇಂಜ್ ಇರುವಾಗಲೇ ಫೋನಿಗೆ ಇಳಿಸಿಕೊಂಡರೆ ಆಯಿತು. ಮುಂದೆ ರೇಂಜ್ ಹೋಗಿ ಹಿನ್ನೆಲೆಯ ನಕ್ಷೆ ಬಿಳಿ ಆದರೂ ಪಿನ್, ಗೆರೆ, ವಾಕ್ಯ, ಫೋಟೋ ಎಲ್ಲ ಕಾಣುತ್ತದೆ. ಸೈಟಿನಲ್ಲಿ ಇಳಿಸಿಕೊಳ್ಳಲು ಒಂದು ಬಟನ್ ಇಡುತ್ತೇನೆ, ವಾಟ್ಸ್‌ಆಪಿನಲ್ಲೂ ಒಬ್ಬರಿಂದ ಒಬ್ಬರಿಗೆ ಕಳಿಸಬಹುದು ಎಂದರು.

ಆ ಗಂಟು ನನಗೆ ಇಷ್ಟವಾಯಿತು. ಬೇರೆಯವರನ್ನು ಕಾಯದೆ, ತನಗೆ ಬೇಕಾದ್ದನ್ನು ತಾನೇ ಹೊತ್ತುಕೊಂಡು ಹೋಗುವ ಫೈಲ್.

ಫೋಟೋಗಳು ಬರುವ ಮೊದಲು ಬರೀ ಪಿನ್ನುಗಳನ್ನು ಸೈಟಿಗೆ ಹಾಕಿ ನೋಡಿದೆವು. ಮೂಡುಬಿದಿರೆಯ ನನ್ನ ಹಳೆಯ ಸ್ಕೂಲಿನ ಒಬ್ಬರು ಟೀಚರ್, ಮನೆಯವರೊಂದಿಗೆ ಕಾರಿನಲ್ಲಿ ಘಾಟಿ ನೋಡಲು ಹೊರಟಿದ್ದರು. ಕಲ್ತಪ್ಪ ತಿಂದೇ ಹೋಗಿ ಎಂದು ನಾನು ಕಳಿಸಿಕೊಟ್ಟೆ. ಸೋಮವಾರ ಅವರ ಫೋನ್ ಬಂತು. ಪಿನ್ ಹೇಳಿದ ಹಾಗೆಯೇ ಹೋದರಂತೆ. ಡಾಂಬರು ಮುಗಿಯಿತು, ಮಣ್ಣು ರಸ್ತೆ ಮುಗಿಯಿತು, ಕೊನೆಗೆ ರಬ್ಬರ್ ತೋಟದೊಳಗೆ ಕಾರು ನಿಂತಿತು. ಎದುರಿಗೆ ಒಂದು ಬಂಡೆ. ರಬ್ಬರ್ ಮರದ ಹಾಲು ತೆಗೆಯುತ್ತಿದ್ದ ಒಬ್ಬರು ಚೂರಿ ಹಿಡಿದುಕೊಂಡೇ ಹತ್ತಿರ ಬಂದು ಕೇಳಿದರಂತೆ, "ಯಾರಿಗೆ ಫೋನ್ ಮಾಡ್ಲಿಕ್ಕೆ ಉಂಟು?"

ಇಲ್ಲೊಂದು ಕಲ್ತಪ್ಪದ ಅಂಗಡಿ ಇದೆಯಂತೆ ಎಂದರೆ, ಇಲ್ಲಿ ಅಂಗಡಿ ಎಂಥದು, ಇಲ್ಲಿಗೆ ಜನ ಬರುವುದು ಫೋನ್ ಮಾಡಲಿಕ್ಕೆ ಎಂದು ಅವರು ಹೇಳಿದರಂತೆ.

ನನಗೆ ಆಗ ಹೊಳೆಯಿತು. ನಿನ್ನ ಲೊಕೇಶನ್ ಕಳಿಸು ಎಂದು ನಾನು ಹೇಳಿದ್ದೆ. ಅಂಗಡಿಯಲ್ಲಿ ವಾಟ್ಸ್‌ಆಪ್ ಹೋಗುವುದಿಲ್ಲ. ಅವಳು ಪಾದೆ ಹತ್ತಿ, ರೇಂಜ್ ಬಂದ ಮೇಲೆ, ಅಲ್ಲಿಂದಲೇ ಕಳಿಸಿದ್ದಳು. ಮ್ಯಾಪನ್ನು ಹಿಗ್ಗಿಸಿ ನೋಡಿದೆ. ಅವಳದ್ದು ಮಾತ್ರವಲ್ಲ. ಆ ಕಡೆಯ ಜೇನಿನವರು, ಉಪ್ಪಿನಕಾಯಿಯವರು, ಪಾಪ ಎಲ್ಲರ ಪಿನ್ನೂ ಯಾವುದಾದರೊಂದು ದಿಣ್ಣೆಯ ಮೇಲೆ, ಗುಡ್ಡದ ಶಾಲೆಯ ಮೈದಾನದ ಮೂಲೆಯಲ್ಲಿ, ನೀರಿನ ಟ್ಯಾಂಕಿಯ ಪಕ್ಕದಲ್ಲಿ ನಿಂತಿತ್ತು. ಅಂಗಡಿಗಳ ಮ್ಯಾಪ್ ಎಂದು ನಾನು ಮಾಡಿದ್ದು, ಯಾರು ಎಲ್ಲಿ ನಿಂತು ದೂರದವರೊಂದಿಗೆ ಮಾತಾಡುತ್ತಾರೆ ಎಂಬುದರ ಮ್ಯಾಪ್ ಆಗಿತ್ತು. ಸಂಜೆ ಸಂಜೆ ನನ್ನೊಂದಿಗೆ ಮಾತಾಡುವವಳು ನಿಲ್ಲುವ ಜಾಗ ಎಕ್ಸಾಕ್ಟ್ ಎಲ್ಲಿ ಎಂದು ನನಗೆ ಗೊತ್ತಾದದ್ದು ಹಾಗೆ. ಸ್ಯಾಟಲೈಟಿನ ಚಿತ್ರದಲ್ಲಿ ಅದು ಹಸಿರಿನ ನಡುವೆ ಒಂದು ಕರಿಯ ಮಚ್ಚೆ. ಸರಿಪಡಿಸುವ ಮೊದಲು ತುಂಬ ಹೊತ್ತು ಅದನ್ನೇ ನೋಡಿದೆ.

ಸರಿಪಡಿಸಲು ನಾನೇ ಹೋಗಬೇಕಾಯಿತು. ರೇಂಜ್ ಬೇಕಾಗುವುದು ಕಳಿಸಲಿಕ್ಕೆ, ಜಾಗ ಹಿಡಿಯಲಿಕ್ಕೆ ಬೇಡ. ಅಂಗಡಿಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಬರುವ ಅಕ್ಷಾಂಶ, ರೇಖಾಂಶದ ನಂಬರನ್ನು ಬರೆದು ತನ್ನಿ ಎಂದು ಡಿಟಿಪಿಯವರು ಹೇಳಿಕೊಟ್ಟಿದ್ದರು. ಬಸ್ಸು ಕಕ್ಕಿಂಜೆ ತಲುಪುವಾಗ ಕಿಟಕಿಯಲ್ಲಿ ಕಪ್ಪು ಕೊಡೆ ಕಂಡಿತು. ಕಾರಿನವರ ಕತೆಯನ್ನು ಅವಳಿಗೆ ಹೇಳಿದೆ. ಅವಳು ರಸ್ತೆಯ ಮಧ್ಯದಲ್ಲೇ ನಿಂತು ನಕ್ಕಳು, ಹಿಂದಿನಿಂದ ಬಂದ ಜೀಪಿನವರು ಹಾರ್ನ್ ಹೊಡೆಯುವವರೆಗೆ.

"ನೀನಲ್ವಾ ಹೇಳಿದ್ದು, ಎಲ್ಲಿದ್ದೀಯೋ ಅಲ್ಲಿಂದ ಕಳಿಸು ಅಂತ? ನಾನು ಇದ್ದದ್ದು ಅಲ್ಲಿ."

ಅಂಗಡಿಯ ಬಾಗಿಲಲ್ಲಿ ನಿಂತು ಬಸ್ ಟಿಕೆಟ್ಟಿನ ಹಿಂದೆ ನಂಬರ್ ಬರೆದುಕೊಂಡೆ. ಆಮೇಲೆ ಫೋಟೋ. ಅವಳಿಗೆ ಫೋಟೋ ತೆಗೆಸಿಕೊಳ್ಳುವುದೆಂದರೆ ಹಾಸ್ಟೆಲಿನ ಕಾಲದಿಂದಲೂ ಆಗದು. ಅಂಗಡಿಯದ್ದು ಸಾಕು, ಬೆಂಚಿನದ್ದು ಸಾಕು ಎಂದಳು. ನಾನು ಕೇಳಲಿಲ್ಲ. ಅವಳು ಬಾಣಲೆಯ ಮುಚ್ಚಳ ಎತ್ತುವಾಗ, ಆವಿ ಮುಖಕ್ಕೆ ಹೊಡೆದು ತಲೆಯ ಶಾಲು ಸರಿಮಾಡುವಾಗ, ನಾನು ಏನೋ ಸಿಲ್ಲಿ ಮಾತು ಹೇಳಿ ಅವಳು ನಗುವಾಗ, ಎಷ್ಟೋ ತೆಗೆದೆ. ಅದರಲ್ಲಿ ನಗುವ ಒಂದನ್ನು ಆರಿಸಿದೆ. ಅಂಥ ಫೋಟೋ ನೋಡಿದವರು ಆ ಅಂಗಡಿಗೆ ಹೋಗದೆ ಇರಲಾರರು ಎಂದು ನನಗೆ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಉಳಿದವರ ಸರಿಯಾದ ನಂಬರ್, ಫೋಟೋಗಳೂ ಬಂದ ಮೇಲೆ ಗಂಟು ಕಟ್ಟಿ ಸೈಟಿಗೆ ಹಾಕಿದೆವು. ಸಂಘದ ಹೆಂಗಸರು ತಮ್ಮ ತಮ್ಮ ಗ್ರೂಪುಗಳಿಗೆಲ್ಲ ಕಳಿಸಿದರು. ಮಳೆ ಸ್ವಲ್ಪ ಬಿಟ್ಟ ಮೇಲೆ ಭಾನುವಾರಗಳಲ್ಲಿ ಬೈಕಿನವರು ಬರತೊಡಗಿದರು. ಹಲಸಿನ ಮರದ ಹತ್ತಿರ ನಿಧಾನ ಮಾಡಿ, ಫೋನ್ ನೋಡಿ, ಎಡಕ್ಕೆ ಇಳಿಯುತ್ತಾರಂತೆ. ಸಂಜೆಯ ಫೋನಿನಲ್ಲಿ ಏದುಸಿರು ಜಾಸ್ತಿಯಾಯಿತು, ಮಾತು ಕಡಿಮೆಯಾಯಿತು. ಇವತ್ತು ಮಧ್ಯಾಹ್ನಕ್ಕೇ ಕಲ್ತಪ್ಪ ಖಾಲಿ ಎನ್ನುತ್ತಿದ್ದಳು. ಬೆಂಗಳೂರಿನ ಒಬ್ಬ ಹುಡುಗಿ ನಿಮ್ಮ ಫೋಟೋ ನೋಡಿಯೇ ಬಂದದ್ದು ಆಂಟಿ ಎಂದಳಂತೆ; ಅದನ್ನು ಹೇಳುವಾಗ ಅವಳ ಧ್ವನಿ ಹಾಸ್ಟೆಲಿನ ಹುಡುಗಿಯದ್ದಾಗಿತ್ತು. ಹೊರಡುವ ಮಾತನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆ ಕೆಲವು ವಾರ ನಾನು ಪೇಟೆಗೆ ಹೋಗಿ ಹೊಸ ಚಹಾದ ಪುಡಿ ತಂದೆ, ಕಿಟಕಿಯ ಕರ್ಟನ್ ಒಗೆದೆ. ಮನೆಯಲ್ಲಿ ಒಬ್ಬಳೇ ಇದ್ದರೂ ಲೋನ್ಲಿ ಅನಿಸುತ್ತಿರಲಿಲ್ಲ.

ಗ್ರೂಪಿನಿಂದ ಗ್ರೂಪಿಗೆ ಹೋಗುತ್ತ ಆ ಫೈಲ್ ಶಾರ್ಜಾಕ್ಕೂ ಹೋಯಿತು. ಅಲ್ಲಿ ಊರಿನವರದ್ದೊಂದು ಗ್ರೂಪ್ ಉಂಟಂತೆ. ಯಾರೋ, ನಿನ್ನ ಉಮ್ಮ ಫೇಮಸ್ ಆಗಿದ್ದಾರೆ ನೋಡು ಎಂದು ಮಗಳಿಗೆ ಕಳಿಸಿದರು. ಅವಳು ಪಿನ್ ಒತ್ತಿದಳು, ಫೋಟೋ ತೆರೆಯಿತು. ಇಂಟರ್ನೆಟ್ಟಿನಲ್ಲೆಲ್ಲೋ ಇರುವ ಸಣ್ಣ ಚಿತ್ರವಲ್ಲ ಅದು. ನಾನು ತೆಗೆದ ಹಾಗೆಯೇ, ಪೂರ್ತಿ ಸೈಜಿನಲ್ಲಿ ಗಂಟಿನೊಳಗೆ ಇತ್ತು.

ನಾನು ನಗು ನೋಡಿ ಆರಿಸಿದ ಫೋಟೋದಲ್ಲಿ ಮಗಳು ನೋಡಿದ್ದು ಬೇರೆ. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದು ಕೈ ಗೋಡೆಯನ್ನು ಹಿಡಿದುಕೊಂಡಿತ್ತು. ಚಪ್ಪಲಿಯ ಪಟ್ಟಿಯಿಂದ ಪಾದ ಹೊರಗೆ ಉಬ್ಬಿತ್ತು. ಹಿಂದೆ ಬೇರೆ ಯಾರೂ ಇರಲಿಲ್ಲ. ಒಲೆಯ ಕೆಲಸಕ್ಕೆ ಒಬ್ಬಳು ಹೆಂಗಸನ್ನು ಇಟ್ಟುಕೊಂಡಿದ್ದೇನೆ, ನಾನು ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿರುವುದು ಮಾತ್ರ ಎಂದು ಅವಳು ಮಗಳಿಗೆ ಹೇಳುತ್ತ ಬಂದಿದ್ದಳಂತೆ. ಅದು ನನಗೆ ಗೊತ್ತಿರಲಿಲ್ಲ. ನನಗೆ ಅವಳು ಹಾಗೆ ಹೇಳುವ ಅಗತ್ಯ ಇರಲಿಲ್ಲ. ನಾನು ಆ ಅಂಗಡಿಯನ್ನು ಕಂಡವಳು.

ಮಗಳು ಬರುವ ಸುದ್ದಿ ಕೊಡದೆ ಬಂದಳು. ವಿಮಾನ ಇಳಿದು, ಕಾರು ಮಾಡಿಕೊಂಡು, ಫೋನಿನಲ್ಲಿದ್ದ ಪಿನ್ ಹಿಡಿದು. ಆ ಸಂಜೆ ಪಾದೆಯ ಮೇಲಿನಿಂದ ಬಂದ ಫೋನಿನಲ್ಲಿ ಗಾಳಿ ತುಂಬ ಇತ್ತು.

"ಯಾರ ಹತ್ರವೂ ದಾರಿ ಕೇಳ್ಲಿಲ್ಲ ಅಂತೆ. ನಾನು ರಸ್ತೆಯಲ್ಲಿ ನಿಂತಿರ್ಲಿಲ್ಲ. ಸೀದ ಬಂದು ಒಲೆಯ ಹತ್ರ ನಿಂತಳು."

ಬೈದಳಾ ಎಂದು ಕೇಳಿದೆ. ಇಲ್ಲ ಎಂದಳು. ಮಗಳು ಕೆಳಗೆ ಕೂತು ಉಮ್ಮನ ಕಾಲನ್ನು ತನ್ನ ಮಡಿಲ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚಿದಳಂತೆ. ಬೈದಿದ್ದರೆ ಇಂಗ್ಲಿಷಿನಲ್ಲಿ ಉತ್ತರ ಕೊಡಬಹುದಿತ್ತು. ಪಾರ್ಸೆಲ್ಲಿನ ಮಾತು ಆ ದಿನ ಅವಳ ಬಾಯಿಯಿಂದ ಬರಲಿಲ್ಲ.

ಗೆಳತಿ ಅಂಗಡಿ ಮುಚ್ಚಿ ಮಗಳೊಂದಿಗೆ ಶಾರ್ಜಾಕ್ಕೆ ಹೋದ ಮೇಲೆ ಸಂಘದವರು ಕೇಳಿದರು, ಕಕ್ಕಿಂಜೆಯ ಪಿನ್ ತೆಗೆಯುವುದಲ್ಲವಾ ಎಂದು. ಮುಚ್ಚಿದ ಅಂಗಡಿಗೆ ಜನರನ್ನು ಕಳಿಸುವುದು ಪ್ರಾಪರ್ ಅಲ್ಲ. ತೆಗೆದೆ. ಹಳೆಯ ರಸ್ತೆಯ ಕೆಂಪು ಗೆರೆಯನ್ನೂ ಅಳಿಸಿದೆ. ಆದರೆ ನನ್ನ ಕಂಪ್ಯೂಟರಿನಲ್ಲಿ ಮೊದಲಿನ ತಪ್ಪು ಫೈಲ್ ಉಂಟು, ಪಿನ್ ಪಾದೆಯ ಮೇಲೆ ಇರುವಂಥದ್ದು. ಅದನ್ನು ಯಾರೂ ಕೇಳಿಲ್ಲ.

ಈಗ ಅವಳು ಶುಕ್ರವಾರ ಫೋನ್ ಮಾಡುತ್ತಾಳೆ. ವಿಡಿಯೋ ಕಾಲ್. ಕಾಲಿನ ಬಾವು ಇಳಿದಿದೆ, ಮುಖ ತುಂಬಿಕೊಂಡಿದೆ. ಮೊಮ್ಮಕ್ಕಳು ಹಿಂದಿನಿಂದ ಹಾಯ್ ಹೇಳುತ್ತಾರೆ. ಏಸಿ ಹಾಕಿದ ಕೋಣೆ. ಧ್ವನಿ ಎಷ್ಟು ಕ್ಲಿಯರ್ ಎಂದರೆ ಪಕ್ಕದಲ್ಲಿ ಕೂತ ಹಾಗೆ. ರಿಂಗ್ ಆದ ಕೂಡಲೇ ಮಾತು ಬಂದುಬಿಡುತ್ತದೆ. ನಾನು ಇನ್ನೂ ಚಹಾದ ಲೋಟ ಕೆಳಗಿಟ್ಟಿರುವುದಿಲ್ಲ. ಮಾತಿಗೆ ಮೊದಲು ಏನೂ ಕೇಳುವುದಿಲ್ಲ.

ಅವಳನ್ನು ನಾನು ಎದುರಿನಲ್ಲಿ ಕೊನೆಗೆ ಕಂಡದ್ದು ಅವಳು ಏರ್‌ಪೋರ್ಟಿಗೆ ಹೋಗುವ ದಿನ. ಮೂಡುಬಿದಿರೆಯ ದಾರಿಯಾಗಿ ಹೋಗುವ, ನಿನ್ನ ಮನೆಯಲ್ಲಿ ಒಂದು ಗಂಟೆ ಕೂತು ಚಹಾ ಕುಡಿದು ಹೊರಡುವ ಎಂದು ಅವಳೇ ಹೇಳಿದ್ದಳು. ಮಗಳು ನನ್ನ ಲೊಕೇಶನ್ ಕೇಳಿದಳು. ನನ್ನ ಮನೆಯಲ್ಲಿ ರೇಂಜ್ ಚೆನ್ನಾಗಿ ಉಂಟು. ಮಹಡಿಯಲ್ಲೇ ಕೂತು ಕಳಿಸಿದೆ. ಬೆಳಿಗ್ಗೆಯೇ ನೀರುದೋಸೆಗೆ ಅಕ್ಕಿ ಅರೆದಿಟ್ಟೆ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟೆ. ಹೊತ್ತಾಗುತ್ತ ಬಂತು ಎಂದು ಬಾಗಿಲಿಗೆ ಬೀಗ ಹಾಕಿ, ಕೊಡೆ ಹಿಡಿದು ತೋಡಾರಿನ ಬಸ್‌ಸ್ಟಾಪಿಗೆ ಹೋಗಿ ನಿಂತೆ.

ಬೇರೆ ಏನು ಮಾಡಬಹುದು ಎಂದು ನನಗೆ ತೋಚಲೇ ಇಲ್ಲ. ನೆಂಟರು ಬರುವಾಗ ರಸ್ತೆಗೆ ಹೋಗಬೇಕು. ಮ್ಯಾಪ್ ಮಾಡಿದವಳು ನಾನೇ, ಲೊಕೇಶನ್ ಕಳಿಸಿದವಳೂ ನಾನೇ, ಆದರೂ ಕಾಲು ತಾನಾಗಿ ರಸ್ತೆಗೆ ನಡೆಯಿತು. ಮೂಡುಬಿದಿರೆಯ ಕಡೆಯಿಂದ ಬರುವ ಒಂದೊಂದು ಕಾರನ್ನೂ ನೋಡಿದೆ. ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನಿನಲ್ಲಿ ಚೀಲದೊಳಗಿನ ಫೋನ್ ಕೇಳಲಿಲ್ಲ. ಆ ಪಿನ್ ಕಾರನ್ನು ಹಿಂದಿನ ಒಳರಸ್ತೆಯಿಂದ ಸೀದ ನನ್ನ ಮನೆಯ ಗೇಟಿಗೇ ಕರೆದುಕೊಂಡು ಹೋಗಿತ್ತು. ಅವಳು ಮೆಟ್ಟಿಲು ಹತ್ತಿ, ಬೀಗ ನೋಡಿ, ಮೆಟ್ಟಿಲಲ್ಲೇ ಕೂತಿದ್ದಳಂತೆ. ಕೆಳಗಿನ ಮನೆಯವರು ಕೆಲಸಕ್ಕೆ ಹೋಗಿದ್ದರು. ನಾನು ಇಲ್ಲಿ ಬಸ್‌ಸ್ಟಾಪಿನಲ್ಲಿ, ಅವಳು ಅಲ್ಲಿ ನನ್ನ ಮೆಟ್ಟಿಲಲ್ಲಿ, ಒಂದು ಗಂಟೆಯನ್ನು ಹಾಗೆ ಕಳೆದೆವು. ಕೊನೆಗೆ ಅವಳೇ ಹೇಳಿದಳಂತೆ, ಅವಳು ರಸ್ತೆಯಲ್ಲಿರುತ್ತಾಳೆ, ಕಾರು ರಸ್ತೆಗೆ ತಗೊಳ್ಳಿ ಎಂದು.

ಒಂದು ಬಿಳಿ ಕಾರು ಪಕ್ಕದಲ್ಲಿ ನಿಂತಿತು. ಹಿಂದಿನ ಗಾಜು ಇಳಿಯಿತು. ಹೊಸ ಬುರ್ಖಾ, ಹೊಸ ಕನ್ನಡಕ, ಒಂದು ಕ್ಷಣ ಯಾರೋ ಎಂದುಕೊಂಡೆ.

"ರಸ್ತೆಯಲ್ಲಿ ನಿಂತದ್ದಾ ನೀನು?"

"ಮತ್ತೆ?"

"ನಿನ್ನ ಮ್ಯಾಪ್ ಸರಿ ಉಂಟು ಮಾರಾಯ್ತಿ. ಮನೆ ಸಿಕ್ಕಿತು."

ಇಳಿಯಲು ಹೋದಳು. ಮಗಳು ಮುಂದಿನ ಸೀಟಿನಿಂದ, ಹೊತ್ತಾಯಿತು ಉಮ್ಮಾ, ಆಂಟಿ ಸಾರಿ, ಎಂದು ಮೆತ್ತಗೆ ಹೇಳಿದಳು. ಆ ಹುಡುಗಿಯ ಕಣ್ಣಿನಲ್ಲೂ ನೀರಿತ್ತು. ಗೆಳತಿ ಇಳಿಯಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿದಳು, ನಾನು ಹಿಡಿದುಕೊಂಡೆ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿದ. ಕಾರು ನಿಧಾನಕ್ಕೆ ಹೊರಟಿತು. ಅವಳು ಕೈ ಬಿಡಲಿಲ್ಲ. ನಾನು ಕಾರಿನ ಜೊತೆಗೆ ಸ್ವಲ್ಪ ದೂರ ನಡೆದೆ, ನಮ್ಮಿಬ್ಬರ ಎತ್ತರ ಒಂದೇ ಆದರೂ ಅವಳು ಕೂತಿದ್ದಳು, ನಾನು ಬಗ್ಗಬೇಕಾಯಿತು. ಆಮೇಲೆ ಕಾರಿಗೆ ವೇಗ ಬಂತು.

ಅವಳು ಹಿಂದಿನ ಗಾಜಿನಲ್ಲಿ ತಿರುಗಿ ನೋಡುತ್ತಿದ್ದಳು. ನಾನು ಕೊಡೆ ಬಿಡಿಸಿ ಎತ್ತಿ ಹಿಡಿದೆ, ದೂರದವರೆಗೆ ಕಾಣಲಿ ಎಂದು. ಕೈಕಂಬದ ಕಡೆಗೆ ಹೋಗುವ ರಸ್ತೆ ಅಲ್ಲಿ ಇಳಿಯುತ್ತದೆ. ಮೊದಲು ಚಕ್ರ ಮರೆಯಾಯಿತು, ಆಮೇಲೆ ಗಾಜು.